ದೀಪ ಆರಿಸಿ ನಿಲ್ಲಿಸಿದ ಪಂದ್ಯ: ಪಿಯೆಶ್ಚಾನಿ, 1987

1987ರ ಜನವರಿ 4. ಆಗಿನ ಚೆಕೊಸ್ಲೊವಾಕಿಯಾದ ಪಿಯೆಶ್ಚಾನಿ ಅನ್ನೋ ಊರು. ಐಸ್ ಹಾಕಿಯ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ದಿನ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ಹುಡುಗರು ಆಡುತ್ತಿದ್ದರು. ಎರಡನೇ ಅವಧಿ ಮುಗಿಯಲು ಇನ್ನೂ 6 ನಿಮಿಷ 7 ಸೆಕೆಂಡ್ ಇತ್ತು. ಆಗ ಶುರುವಾದ ಹೊಡೆದಾಟದಲ್ಲಿ ಎರಡೂ ತಂಡಗಳ ಬೆಂಚು ಖಾಲಿಯಾಯಿತು, ರೆಫರಿಗಳು ಕೈಚೆಲ್ಲಿ ಹೊರಗೆ ನಡೆದರು, ಬೇರೆ ದಾರಿ ಕಾಣದೆ ಕ್ರೀಡಾಂಗಣದ ದೀಪಗಳನ್ನೇ ಆರಿಸಿದರು. ಪಂದ್ಯ ರದ್ದಾಯಿತು. ಎರಡೂ ತಂಡಗಳನ್ನು ಇಡೀ ಟೂರ್ನಿಯಿಂದ ಹೊರಹಾಕಲಾಯಿತು.

ಈ ಘಟನೆ ಬಗ್ಗೆ ಮಾತು ಬಂದಾಗಲೆಲ್ಲ "ಬಿಸಿರಕ್ತದ ಹುಡುಗರು, ಶೀತಲ ಸಮರದ ಕಾಲ, ಹೊಡೆದಾಡಿಕೊಂಡರು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಅವತ್ತು ಹೊಡೆದಾಡಿದ್ದು ಹುಡುಗರೇ, ನಿಜ. ಆದರೆ ಆ ಹೊಡೆದಾಟಕ್ಕೆ ಬೇಕಾದದ್ದನ್ನೆಲ್ಲ ಜೋಡಿಸಿಟ್ಟವರು ದೊಡ್ಡವರು. ಅದಾದ ಮೇಲೆ ಶಿಕ್ಷೆಯನ್ನು ತಪ್ಪಾಗಿ ಹಂಚಿದವರೂ ದೊಡ್ಡವರೇ.

ಮೊದಲು ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ನಮ್ಮಲ್ಲಿ ನೋಡಿದವರು ಕಡಿಮೆ. ಮೈದಾನದ ಹಾಕಿಯಲ್ಲಿ ಹನ್ನೊಂದು ಜನ, ಇಲ್ಲಿ ಗೋಲ್‌ಕೀಪರ್ ಸೇರಿ ಆರು ಜನ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ, ಅದಕ್ಕೆ ಪಕ್ ಅಂತಾರೆ. ಇಪ್ಪತ್ತು ನಿಮಿಷದ ಮೂರು ಅವಧಿ. ಆಟ ಎಷ್ಟು ವೇಗ ಅಂದರೆ ಒಬ್ಬ ಆಟಗಾರ ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಸುಸ್ತಾಗಿ ಬೆಂಚಿಗೆ ಬರುತ್ತಾನೆ, ಆಟ ನಡೀತಿರುವಾಗಲೇ ಇನ್ನೊಬ್ಬ ಇಳಿಯುತ್ತಾನೆ. ಹಾಗಾಗಿ ಬೆಂಚು ಐಸ್‌ಗೆ ಅಂಟಿಕೊಂಡೇ ಇರುತ್ತದೆ, ನಡುವೆ ಇರುವುದು ಸೊಂಟದೆತ್ತರದ ಮರದ ಗೋಡೆ, ಒಂದು ಕಾಲು ಎತ್ತಿ ಹಾಕಿದರೆ ಆಟಗಾರ ಅಂಗಳದಲ್ಲಿ ಇರುತ್ತಾನೆ. ಮೈಗೆ ಮೈ ಗುದ್ದುವುದು ನಿಯಮದ ಒಳಗೇ ಇದೆ. ಕೈಯಲ್ಲಿ ಕೋಲು, ಕಾಲಲ್ಲಿ ಹರಿತವಾದ ಬ್ಲೇಡು.

ಇನ್ನೊಂದು ವಿಷಯವೂ ಗೊತ್ತಿರಬೇಕು. ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಆಗ ಮುಷ್ಟಿಯುದ್ಧಕ್ಕೆ ಶಿಕ್ಷೆ ಐದು ನಿಮಿಷ ಹೊರಗೆ ಕೂರುವುದು, ಅಷ್ಟೇ. ಕೂತು ಎದ್ದು ಬಂದು ಮತ್ತೆ ಆಡಬಹುದು. ಗೆಳೆಯನಿಗೆ ಹೊಡೆದವನನ್ನು ಸುಮ್ನೆ ಬಿಡಬಾರದು ಅನ್ನುವುದನ್ನು ಅಲ್ಲಿ ಹುಡುಗರು ಚಿಕ್ಕಂದಿನಿಂದಲೇ ಕಲಿಯುತ್ತಿದ್ದರು. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮ ಬೇರೆ, ಅಲ್ಲಿ ಹೊಡೆದಾಡಿದವನಿಗೆ ಆ ಪಂದ್ಯ ಅಲ್ಲಿಗೆ ಮುಗಿದ ಹಾಗೆ. ಯುರೋಪಿನಲ್ಲಿ ಬೆಳೆದ ಹುಡುಗರು ಮುಷ್ಟಿ ಎತ್ತುವುದು ಕಡಿಮೆ, ಆದರೆ ಕೋಲಿನಿಂದ ಕೈಗೆ, ಕಾಲಿಗೆ ಕೊಡುವುದು ಜಾಸ್ತಿ ಅಂತ ಕೆನಡಾದವರು ದೂರುತ್ತಿದ್ದರು. ಎರಡು ಕಡೆಯವರಿಗೂ ಎದುರಾಳಿ ಮಾಡುವುದೇ ನೀಚ ಕೆಲಸ ಅನ್ನಿಸುತ್ತಿತ್ತು.

ಈಗ ಅಂಕಪಟ್ಟಿಗೆ ಬರೋಣ. ಇಡೀ ಪ್ರಕರಣದ ಬೇರು ಇರುವುದು ಅಲ್ಲೇ.

ಆ ವರ್ಷ ಟೂರ್ನಿಯಲ್ಲಿ ಎಂಟು ತಂಡ: ಫಿನ್ಲೆಂಡ್, ಚೆಕೊಸ್ಲೊವಾಕಿಯಾ, ಸ್ವೀಡನ್, ಅಮೆರಿಕ, ಪೋಲೆಂಡ್, ಸ್ವಿಟ್ಜರ್ಲೆಂಡ್, ಕೆನಡಾ, ಸೋವಿಯತ್ ಒಕ್ಕೂಟ. ಪಂದ್ಯಗಳು ಟ್ರೆನ್ಚೀನ್, ನಿತ್ರಾ, ಟೋಪೊಲ್ಚಾನಿ, ಪಿಯೆಶ್ಚಾನಿ ಅನ್ನೋ ನಾಲ್ಕು ಊರುಗಳಲ್ಲಿ ನಡೆದವು. ಎಲ್ಲವೂ ಈಗಿನ ಸ್ಲೊವಾಕಿಯಾಕ್ಕೆ ಸೇರಿದವು. ಪಿಯೆಶ್ಚಾನಿ ವಾಹ್ ನದಿ ದಡದ ಸಣ್ಣ ಊರು, ಬಿಸಿನೀರಿನ ಬುಗ್ಗೆಗೂ ಔಷಧಿ ಕೆಸರಿನ ಸ್ನಾನಕ್ಕೂ ಹೆಸರಾದದ್ದು, ಮಂಡಿನೋವು ಇರುವವರು ಯುರೋಪಿನ ನಾನಾ ಕಡೆಯಿಂದ ಅಲ್ಲಿಗೆ ಹೋಗುತ್ತಾರೆ. ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ. ಪ್ರತಿ ತಂಡ ಉಳಿದ ಏಳೂ ತಂಡಗಳ ಜೊತೆ ಒಂದೊಂದು ಪಂದ್ಯ ಆಡಬೇಕು, ಗೆದ್ದರೆ 2 ಅಂಕ, ಸಮ ಆದರೆ 1. ಕೊನೆಗೆ ಯಾರಿಗೆ ಜಾಸ್ತಿ ಅಂಕವೋ ಅವರಿಗೆ ಚಿನ್ನ.

ಕೊನೇ ಪಂದ್ಯದ ಹೊತ್ತಿಗೆ ಫಿನ್ಲೆಂಡ್ 11, ಚೆಕೊಸ್ಲೊವಾಕಿಯಾ 10, ಸ್ವೀಡನ್ 9, ಅಮೆರಿಕ 8 ಅಂಕಕ್ಕೆ ಬರುವ ಲೆಕ್ಕ. ಕೆನಡಾ ಆರು ಪಂದ್ಯ ಆಡಿ 9 ಅಂಕ ಮಾಡಿತ್ತು. ಸೋವಿಯತ್ ಹುಡುಗರದು ಆರು ಪಂದ್ಯಗಳಿಂದ ಬರೀ 5.

ಕೆನಡಾ ಗೆದ್ದರೆ 11 ಅಂಕ, ಅಂದರೆ ಫಿನ್ಲೆಂಡ್‌ಗೆ ಸಮ. ಅವರಿಬ್ಬರ ನಡುವಿನ ಪಂದ್ಯ 6-6 ಆಗಿತ್ತಾದ್ದರಿಂದ ಗೋಲು ವ್ಯತ್ಯಾಸ ನೋಡಬೇಕು. ಫಿನ್ಲೆಂಡ್‌ನದು 22, ಕೆನಡಾದ್ದು 18, ಅದೂ ಪೋಲೆಂಡ್ ಮೇಲೆ 18-3ರಿಂದ ಗೆದ್ದ ಪಂದ್ಯ ಸೇರಿಸಿ. ಹಾಗಾಗಿ ಐದು ಗೋಲುಗಳ ಅಂತರದಲ್ಲಿ ಗೆದ್ದರೆ ಚಿನ್ನ. ಬರೀ ಗೆದ್ದರೆ ಬೆಳ್ಳಿ. ಸೋತರೂ ಕಂಚು ಖಾತ್ರಿ, ಯಾಕೆಂದರೆ ಸ್ವೀಡನ್ನನ್ನು ಕೆನಡಾ ಆಗಲೇ ಸೋಲಿಸಿತ್ತು.

ಸೋವಿಯತ್ ತಂಡಕ್ಕೆ? ಗೆದ್ದರೆ 7 ಅಂಕ, ನಾಲ್ಕನೇ ಸ್ಥಾನದ ಅಮೆರಿಕವನ್ನು ಮುಟ್ಟಲು ಆಗುವುದಿಲ್ಲ. ಸೋತರೂ ಕೆಳಗಿನ ಪೋಲೆಂಡ್ ಅವರನ್ನು ಹಿಡಿಯುವ ಹಾಗಿಲ್ಲ. ಅಂದರೆ ಗೆದ್ದರೂ ಐದನೇ ಸ್ಥಾನ, ಹತ್ತು ಗೋಲಿನಿಂದ ಸೋತರೂ ಐದನೇ ಸ್ಥಾನ. ಅದೂ ಎಂಥ ತಂಡ! ಹಿಂದಿನ ವರ್ಷ ಕೆನಡಾದ ಹ್ಯಾಮಿಲ್ಟನ್‌ಗೆ ಹೋಗಿ ಚಿನ್ನ ತಂದ ದೇಶದ ತಂಡ. ಮನೆಗೆ ಹೋದರೆ ಬೈಗುಳ ಕಾದಿದೆ ಅಂತ ಆ ಹುಡುಗರಿಗೆ ಗೊತ್ತಿರಲೇಬೇಕು.

ಒಂದು ಕಡೆ ಪದಕದ ಬಣ್ಣಕ್ಕಾಗಿ ಗೋಲು ಎಣಿಸುತ್ತಿರುವ ತಂಡ, ಇನ್ನೊಂದು ಕಡೆ ಕಳೆದುಕೊಳ್ಳಲು ಏನೂ ಇಲ್ಲದ, ಅವಮಾನದಲ್ಲಿ ಕುದಿಯುತ್ತಿರುವ ತಂಡ. ಇಬ್ಬರಿಗೂ ಹಳೇ ಜಿದ್ದು ಬೇರೆ. ಇಂಥ ಪಂದ್ಯಕ್ಕೆ ಇರುವುದರಲ್ಲೇ ಅನುಭವಿ, ಗಟ್ಟಿ ರೆಫರಿಯನ್ನು ಹಾಕಬೇಕು ಅಲ್ವಾ? ಹಾಕಿದ್ದು ನಾರ್ವೆಯ ಹಾನ್ಸ್ ರೋನಿಂಗ್ ಅವರನ್ನು. ತಟಸ್ಥ ದೇಶದವರು ಅನ್ನುವುದು ಸರಿ, ಆದರೆ ಈ ಎರಡು ತಂಡಗಳ ನಡುವೆ ನಿಲ್ಲುವಷ್ಟು ದೊಡ್ಡ ಪಂದ್ಯಗಳ ಅನುಭವ ಅವರಿಗಿಲ್ಲ ಅಂತ ಕೆನಡಾದವರು ಮೊದಲೇ ಆತಂಕದಲ್ಲಿದ್ದರು. ನಾನು ರೋನಿಂಗ್ ಅವರನ್ನು ದೂರಲು ಹೋಗುವುದಿಲ್ಲ. ಆಗಿನ ಪದ್ಧತಿಯಲ್ಲಿ ಒಬ್ಬ ರೆಫರಿ, ಇಬ್ಬರು ಲೈನ್ಸ್‌ಮನ್, ಅಷ್ಟೇ ಜನ. ಅವರನ್ನು ಅಲ್ಲಿ ನಿಲ್ಲಿಸಿದವರನ್ನು ಕೇಳಬೇಕು.

ಪಂದ್ಯ ಶುರುವಾದ ಕ್ಷಣದಿಂದಲೇ ಮೊಣಕೈ, ಕೋಲು ಎಲ್ಲ ಓಡಾಡಿದವು. ಶಿಳ್ಳೆ ಊದಬೇಕಾದ ಕಡೆ ಊದಲಿಲ್ಲ. ಕೆನಡಾದ ಥಿಯೋ ಫ್ಲೂರಿ ಮೊದಲ ಗೋಲು ಹೊಡೆದ. ಐದೂವರೆ ಅಡಿಯ ಹುಡುಗ, ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಆದರೆ ಯಾರಿಗೂ ಬಗ್ಗುವವನಲ್ಲ. ಗೋಲು ಆದ ಖುಷಿಗೆ ಅವನು ಐಸ್ ಮೇಲೆ ಜಾರುತ್ತಾ ಹೋಗಿ ತನ್ನ ಕೋಲನ್ನು ಮೆಷಿನ್ ಗನ್ ಹಾಗೆ ಹಿಡಿದು ಸೋವಿಯತ್ ಬೆಂಚಿನ ಕಡೆಗೆ ಗುಂಡು ಹಾರಿಸುವ ನಟನೆ ಮಾಡಿದ. ಹದಿನೆಂಟು ವರ್ಷದ ಹುಡುಗನ ಹುಡುಗಾಟ ಅನ್ನಬಹುದು, ಆದರೆ ಅದೇ ಬೆಂಚಿನಲ್ಲಿ ಕೂತು ನೋಡಿದವರಿಗೆ ಹೇಗಾಗಿರಬೇಕು? ರೆಫರಿಯೋ ಕೋಚೋ ಆಗಲೇ ಅವನನ್ನು ಕರೆದು ಗದರಿಸಬೇಕಿತ್ತು.

ಸ್ಕೋರು 4-2 ಆಯಿತು, ಕೆನಡಾ ಮುಂದೆ. ಚಿನ್ನಕ್ಕೆ ಇನ್ನೂ ಮೂರು ಗೋಲು ಬೇಕು, ಸಮಯವೂ ಬೇಕಾದಷ್ಟಿದೆ. ಆಗ ಕೆನಡಾದ ಎವರೆಟ್ ಸ್ಯಾನಿಪಾಸ್ ಮತ್ತು ಸೆರ್ಗೆ ಶೆಸ್ಟೆರಿಕೋವ್ ಗುದ್ದಾಡಿಕೊಂಡರು. ಪಕ್ಕದಲ್ಲೇ ಪಾವೆಲ್ ಕೋಸ್ಟಿಚ್ಕಿನ್ ಫ್ಲೂರಿಗೆ ಎರಡೂ ಕೈಯಿಂದ ಕೋಲು ಬೀಸಿದ. ಐಸ್ ಮೇಲಿದ್ದವರೆಲ್ಲ ಜೋಡಿ ಜೋಡಿಯಾಗಿ ಹಿಡಿದುಕೊಂಡರು. ಇಲ್ಲಿಯವರೆಗೆ ಇದು ಯಾವ ಪಂದ್ಯದಲ್ಲಾದರೂ ಆಗುವಂಥದ್ದೇ, ಇಬ್ಬರನ್ನೋ ನಾಲ್ವರನ್ನೋ ಹೊರಗೆ ಕಳಿಸಿದ್ದರೆ ಮುಗಿಯುತ್ತಿತ್ತು.

ಆಗ ಸೋವಿಯತ್ ಬೆಂಚಿನಿಂದ ಎವ್ಗೆನಿ ದಾವಿದೋವ್ ಗೋಡೆ ಹಾರಿ ಇಳಿದ. ಅವನ ಹಿಂದೆ ಉಳಿದವರು. ಅದನ್ನು ನೋಡಿ ಕೆನಡಾ ಬೆಂಚೂ ಇಳಿಯಿತು.

ಮುಂದೆ ನಡೆದದ್ದಕ್ಕೆ ವೀಡಿಯೋ ಇದೆ, ಆದರೆ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ಮೂವತ್ತಕ್ಕೂ ಜಾಸ್ತಿ ಹುಡುಗರು, ಅಂಗಳದ ತುಂಬ ಬಿದ್ದಿರುವ ಗ್ಲೌಸು, ಕೋಲು, ಹೆಲ್ಮೆಟ್ಟು. ಕೆನಡಾದ ಮೈಕ್ ಕೀನ್ ಮತ್ತು ಸೋವಿಯತ್‌ನ ವಲೇರಿ ಝೆಲೆಪುಕಿನ್ ಒಬ್ಬರನ್ನೊಬ್ಬರು ಬಿಡದೆ ಮುಖ ಮುಖಕ್ಕೆ ಹೊಡೆದುಕೊಂಡರು. ಸ್ಟೆಫಾನ್ ರಾಯ್ ಮೇಲೆ ಇಬ್ಬರು ಸೇರಿ ಬಿದ್ದರು. ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್ ತಲೆಯಿಂದ ಗುದ್ದಿ ಗ್ರೆಗ್ ಹಾಗುಡ್‌ನ ಮೂಗು ಮುರಿದ. ರೋನಿಂಗ್ ಮತ್ತು ಲೈನ್ಸ್‌ಮನ್‌ಗಳು ಒಂದಿಷ್ಟು ಹೊತ್ತು ಬಿಡಿಸಲು ನೋಡಿದರು, ಆಮೇಲೆ ಐಸ್ ಬಿಟ್ಟು ನಡೆದರು. ಜನ ಶಿಳ್ಳೆ ಹಾಕಿ ಛೀಮಾರಿ ಹಾಕುತ್ತಿದ್ದರು. ಆಮೇಲೆ ದೀಪ ಆರಿತು.

ಹರಿತವಾದ ಬ್ಲೇಡು ಕಟ್ಟಿಕೊಂಡ ಹುಡುಗರು ನೆಲದ ಮೇಲೆ ಹೊರಳಾಡುತ್ತಿರುವಾಗ ದೀಪ ಆರಿಸುವುದು ಎಂಥ ಅಪಾಯ ಅಂತ ಯೋಚಿಸಿ. ಒಬ್ಬನ ಕತ್ತಿನ ಮೇಲೆ ಇನ್ನೊಬ್ಬನ ಕಾಲು ಬಿದ್ದಿದ್ದರೆ ಕತ್ತಲಲ್ಲಿ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಕತ್ತಲಾದ ಮೇಲೂ ಹೊಡೆದಾಟ ನಿಲ್ಲಲಿಲ್ಲ. ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ ನಡೆಯಿತು, ಕೊನೆಗೆ ಕೈಸೋತು ನಿಂತರು. ಯಾರೂ ಸಾಯಲಿಲ್ಲ ಅನ್ನುವುದು ಬರೀ ಅದೃಷ್ಟ.

ಆಮೇಲೆ ಬಾಗಿಲು ಮುಚ್ಚಿಕೊಂಡು ಸಭೆ. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಅಧ್ಯಕ್ಷ ಗುಂಟರ್ ಸಾಬೆಟ್ಸ್ಕಿ, ಭಾಗವಹಿಸಿದ ದೇಶಗಳ ಪ್ರತಿನಿಧಿಗಳು. ಎರಡೂ ತಂಡಗಳನ್ನು ಟೂರ್ನಿಯಿಂದ ಹೊರಹಾಕುವುದಕ್ಕೆ 7-1 ಮತ ಬಿತ್ತು. ಬೇಡ ಅಂದದ್ದು ಕೆನಡಾ ಒಂದೇ, ಸೋವಿಯತ್ ಪ್ರತಿನಿಧಿ ತನ್ನ ತಂಡವನ್ನೇ ಹೊರಹಾಕಲು ಕೈ ಎತ್ತಿದರು. ಫಿನ್ಲೆಂಡ್‌ಗೆ ಚಿನ್ನ, ಚೆಕೊಸ್ಲೊವಾಕಿಯಾಕ್ಕೆ ಬೆಳ್ಳಿ, ಸ್ವೀಡನ್‌ಗೆ ಕಂಚು. ಕೆನಡಾ ತಂಡವನ್ನು ಬಂದೂಕು ಹಿಡಿದ ಕಾವಲಿನಲ್ಲಿ ದೇಶದಿಂದ ಆಚೆ ಕಳಿಸಿದರು. ಆಟಗಾರರಿಗೆ 18 ತಿಂಗಳು, ಕೋಚ್‌ಗಳಾದ ಬರ್ಟ್ ಟೆಂಪಲ್ಟನ್ ಮತ್ತು ವ್ಲಾದಿಮಿರ್ ವಾಸಿಲಿಯೆವ್‌ಗೆ ಮೂರು ವರ್ಷ ಅಂತಾರಾಷ್ಟ್ರೀಯ ಪಂದ್ಯಗಳಿಂದ ನಿಷೇಧ. ಆಟಗಾರರ ಶಿಕ್ಷೆಯನ್ನು ಮೇಲ್ಮನವಿ ಆದ ಮೇಲೆ ಆರು ತಿಂಗಳಿಗೆ ಇಳಿಸಿದರು.

ಈ 7-1 ಮತದ ಬಗ್ಗೆ ನಿಧಾನವಾಗಿ ಯೋಚಿಸಬೇಕು. ಮತ ಹಾಕಿದವರು ಯಾರು? ಅದೇ ಟೂರ್ನಿಯಲ್ಲಿ ಆಡುತ್ತಿದ್ದ ದೇಶಗಳವರು. ಕೆನಡಾ ಹೊರಗೆ ಹೋದರೆ ಸ್ವೀಡನ್‌ಗೆ ಪದಕ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಚೆಕೊಸ್ಲೊವಾಕಿಯಾದ ಬೆಳ್ಳಿ ಭದ್ರ ಆಗುತ್ತದೆ, ಫಿನ್ಲೆಂಡ್‌ನ ಚಿನ್ನ ಭದ್ರ ಆಗುತ್ತದೆ. ಅವರೆಲ್ಲ ಸ್ವಾರ್ಥದಿಂದಲೇ ಮತ ಹಾಕಿದರು ಅಂತ ನಾನು ಹೇಳುತ್ತಿಲ್ಲ, ಆ ದೃಶ್ಯ ಕಣ್ಣಾರೆ ನೋಡಿದ ಯಾರಿಗಾದರೂ ಸಿಟ್ಟು ಬರುವುದು ಸಹಜ. ಆದರೆ ತೀರ್ಪಿನಿಂದ ಲಾಭ ಆಗುವವರು ತೀರ್ಪು ಕೊಡಲು ಕೂರಬಾರದು. ಆಸ್ತಿ ಜಗಳದ ಪಂಚಾಯ್ತಿಗೆ ಪಕ್ಕದ ಗದ್ದೆಯವನನ್ನೇ ಕೂರಿಸಿದ ಹಾಗಾಯಿತು ಇದು. ಅದೂ ಹೊಡೆದಾಟದ ಬಿಸಿ ಆರುವ ಮೊದಲೇ, ವೀಡಿಯೋವನ್ನು ನಿಧಾನಕ್ಕೆ ನೋಡಿ ಯಾರು ಏನು ಮಾಡಿದರು ಅಂತ ಬೇರೆ ಮಾಡದೆಯೇ.

ಕೆನಡಾದಲ್ಲಿ ಆಗಿನಿಂದ ಒಂದು ಮಾತಿದೆ: ಸೋವಿಯತ್‌ನವರು ಬೇಕಂತಲೇ ಮಾಡಿದರು, ತಮಗೆ ಹೇಗೂ ಏನೂ ಸಿಗುವುದಿಲ್ಲ ಅಂತ ಕೆನಡಾವನ್ನೂ ಜೊತೆಗೆ ಎಳೆದುಕೊಂಡು ಹೋದರು ಅಂತ. ನಾನಿದನ್ನು ನಂಬುವುದಿಲ್ಲ. ಬೆಂಚು ಬಿಟ್ಟು ಇಳಿಯುವ ಹುಡುಗ ಅಂಕಪಟ್ಟಿ ಲೆಕ್ಕ ಹಾಕಿ ಇಳಿಯುವುದಿಲ್ಲ. ಆದರೆ ಲೆಕ್ಕ ಹಾಕದಿದ್ದರೂ ಲೆಕ್ಕ ಅಲ್ಲಿ ಇದ್ದೇ ಇತ್ತು, ಅದೇ ತೊಂದರೆ. ಪದಕದ ಆಸೆ ಇರುವ ತಂಡದ ಕೋಚ್ "ಇಳೀಬೇಡ್ರೋ, ಎಲ್ಲಾ ಹೋಗತ್ತೆ" ಅಂತ ಕೂಗಿ ಹುಡುಗರನ್ನು ಹಿಡಿದು ನಿಲ್ಲಿಸಲು ಒಂದು ಕಾರಣ ಇರುತ್ತದೆ. ಐದನೇ ಸ್ಥಾನಕ್ಕೆ ಅಂಟಿಹೋದ ತಂಡದ ಕೋಚ್‌ಗೆ ಆ ಕಾರಣವೂ ಇಲ್ಲ. ಟೂರ್ನಿಯ ರಚನೆಯೇ ಒಂದು ಬೆಂಚಿನ ಕಡಿವಾಣ ಬಿಚ್ಚಿಟ್ಟಿತ್ತು.

ಹಾಗಂತ ಕೆನಡಾದ ಬೆಂಚನ್ನು ಬಿಟ್ಟುಬಿಡುವ ಹಾಗಿಲ್ಲ. ಅವರಿಗೆ ಕಡಿವಾಣ ಇತ್ತು, ಆದರೂ ಇಳಿದರು. ಟೆಂಪಲ್ಟನ್ ಗಟ್ಟಿ ಆಟಕ್ಕೆ ಹೆಸರಾದ ಕೋಚ್. ಆ ಪಂದ್ಯದಲ್ಲಿ ಏನೇನು ಕಳೆದುಕೊಳ್ಳಬಹುದು ಅನ್ನುವುದು ಇಡೀ ಕೆನಡಾಕ್ಕೆ ಗೊತ್ತಿತ್ತು, ಎದುರಿನವರು ಕೆಣಕುತ್ತಾರೆ ಅನ್ನುವುದೂ ಗೊತ್ತಿತ್ತು. "ಏನೇ ಆದರೂ ಬೆಂಚಿನಿಂದ ಒಬ್ಬನೂ ಇಳಿಯಬಾರದು" ಅನ್ನುವುದನ್ನು ಪಂದ್ಯಕ್ಕೆ ಮೊದಲೇ ಹುಡುಗರ ತಲೆಗೆ ಹೊಕ್ಕಿಸಬೇಕಿತ್ತು. ಹೊಕ್ಕಿಸಲು ಆಗಿರಲಿಲ್ಲ ಅನ್ನುವುದು ನಡೆದದ್ದರಿಂದಲೇ ಗೊತ್ತಾಗುತ್ತದೆ.

ಒಬ್ಬ ಇಳಿಯಲಿಲ್ಲ. ಪಿಯೆರ್ ಟರ್ಜಾನ್, ಕ್ವಿಬೆಕ್‌ನ ಹುಡುಗ, ಹದಿನೇಳು ವರ್ಷ. ತಂಡದವರೆಲ್ಲ ಇಳಿದು ಹೊಡೆದಾಡುತ್ತಿರುವಾಗ ಅವನು ಬೆಂಚಿನಲ್ಲೇ ಕೂತಿದ್ದ. ನಿಯಮದ ಪ್ರಕಾರ ನೋಡಿದರೆ ಎಲ್ಲರೂ ಮಾಡಬೇಕಾದದ್ದನ್ನು ಮಾಡಿದವನು ಅವನು. ಆದರೆ ಅವನ ತಂಡದವರಿಗೆ ಅದು ದ್ರೋಹವಾಗಿ ಕಂಡಿತು. ಗೆಳೆಯನ ಮೇಲೆ ಇಬ್ಬರು ಬಿದ್ದಿರುವಾಗ ಕೂತು ನೋಡಿದೆಯಲ್ಲ ಅನ್ನುವ ಸಿಟ್ಟು ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. "ಮೆತ್ತಗಿನವನು" ಅನ್ನುವ ಹಣೆಪಟ್ಟಿ ಟರ್ಜಾನ್ ಬೆನ್ನು ಬಿಡಲಿಲ್ಲ.

ಈ ಭಾಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ಹುಡುಗರ ಸ್ಥಿತಿ ನೋಡಿ: ಇಳಿದರೆ ನಿಯಮ ಮುರಿದವರು, ಇಳಿಯದಿದ್ದರೆ ಹೇಡಿಗಳು. ಹದಿನೇಳು ವರ್ಷದ ಹುಡುಗನಿಗೆ ಎರಡು ಸೆಕೆಂಡಿನಲ್ಲಿ ಇದನ್ನು ತೀರ್ಮಾನ ಮಾಡು ಅಂದರೆ ಹೇಗೆ? ಅದಕ್ಕೇ ಈ ತೀರ್ಮಾನ ಹುಡುಗನ ಕೈಗೆ ಬರಬಾರದು. ಬೆಂಚು ಬಿಟ್ಟವನಿಗೆ ಇಷ್ಟು ಪಂದ್ಯ ನಿಷೇಧ ಅಂತ ಕಲ್ಲಿನಲ್ಲಿ ಕೆತ್ತಿದಂಥ ನಿಯಮ ಇದ್ದರೆ, ಕೂತೇ ಇದ್ದವನು ಯಾರಿಗೂ ಸಬೂಬು ಹೇಳಬೇಕಾಗಿಲ್ಲ. ನಿಯಮ ಅವನ ಪರವಾಗಿ ಮಾತಾಡುತ್ತದೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ಮಾಂಟ್ರಿಯಲ್ ಮತ್ತು ಫಿಲಡೆಲ್ಫಿಯಾ ತಂಡಗಳು ಪಂದ್ಯ ಶುರುವಾಗುವ ಮುಂಚೆಯೇ ಬಡಿದಾಡಿಕೊಂಡವು. ಅದಾದ ಮೇಲೆ ಲೀಗ್ ಬಿಗಿ ನಿಯಮ ತಂದಿತು, ಜಗಳಕ್ಕೆ ಅಂತ ಬೆಂಚು ಬಿಟ್ಟು ಮೊದಲು ಇಳಿದವನಿಗೆ ಹತ್ತು ಪಂದ್ಯ ನಿಷೇಧ. ಬೆಂಚು ಖಾಲಿಯಾಗುವ ಜಗಳಗಳು ಅಲ್ಲಿ ಹೆಚ್ಚುಕಡಿಮೆ ನಿಂತೇ ಹೋದವು. ಮೊದಲು ಇಳಿಯುವವನು ಇಲ್ಲದಿದ್ದರೆ ಎರಡನೆಯವನೂ ಇಲ್ಲ, ಅಷ್ಟು ಸರಳ. ಪಿಯೆಶ್ಚಾನಿಯಲ್ಲಿ ದಾವಿದೋವ್‌ನ ಕಾಲು ಗೋಡೆಯ ಮೇಲೆ ಇದ್ದಾಗ ಅಂಥದ್ದೊಂದು ಭಯ ಅವನಿಗೆ ಇದ್ದಿದ್ದರೆ ಉಳಿದದ್ದು ಏನೂ ನಡೆಯುತ್ತಿರಲಿಲ್ಲ.

ಶಿಕ್ಷೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ಎರಡೂ ತಂಡಕ್ಕೆ ಒಂದೇ ಶಿಕ್ಷೆ ಅಂದಾಗ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸೋವಿಯತ್ ತಂಡ ಕಳೆದುಕೊಂಡದ್ದು ಐದನೇ ಸ್ಥಾನ. ಕೆನಡಾ ಕಳೆದುಕೊಂಡದ್ದು ಕೈಯಲ್ಲಿದ್ದ ಪದಕ. ಮೊದಲು ಬೆಂಚು ಬಿಟ್ಟ ತಂಡಕ್ಕೆ ಹಗುರ, ಆಮೇಲೆ ಬಿಟ್ಟ ತಂಡಕ್ಕೆ ಭಾರ. ಬೇರೆ ದಾರಿ ಇರಲಿಲ್ಲವಾ? ಇತ್ತು. ಆ ಒಂದು ಪಂದ್ಯವನ್ನು ಇಬ್ಬರೂ ಸೋತರು ಅಂತ ಬರೆದು, ಇಬ್ಬರಿಗೂ ಸೊನ್ನೆ ಅಂಕ ಕೊಟ್ಟು, ಹೊಡೆದಾಡಿದವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ನಿಷೇಧ ಹಾಕಬಹುದಿತ್ತು. ಹಾಗೆ ಮಾಡಿದ್ದರೆ ಫಿನ್ಲೆಂಡ್‌ಗೆ ಚಿನ್ನ, ಚೆಕೊಸ್ಲೊವಾಕಿಯಾಕ್ಕೆ ಬೆಳ್ಳಿ, ಅದು ಬದಲಾಗುತ್ತಿರಲಿಲ್ಲ. ಕೆನಡಾ ಆರು ಪಂದ್ಯ ಆಡಿ ಸಂಪಾದಿಸಿದ 9 ಅಂಕ ಅದರ ಹತ್ತಿರವೇ ಉಳಿದು ಕಂಚು ಸಿಗುತ್ತಿತ್ತು. ಚಿನ್ನದ ಆಸೆ ಹೋಯಿತು ಅನ್ನುವುದೇ ಅವರಿಗೆ ಸಾಕಷ್ಟು ದೊಡ್ಡ ಶಿಕ್ಷೆ. ನಾನು ಆ ಸಭೆಗೆ ಸಲಹೆ ಕೊಡುವ ಜಾಗದಲ್ಲಿದ್ದಿದ್ದರೆ ಇದನ್ನೇ ಹೇಳುತ್ತಿದ್ದೆ.

ಇದಕ್ಕೆ ಎದುರು ವಾದವೂ ಇದೆ, ಅದು ಗಟ್ಟಿಯಾದದ್ದೇ. ಅಷ್ಟು ದೊಡ್ಡ ಹೊಡೆದಾಟ ಮಾಡಿದ ತಂಡ ಅವತ್ತೇ ಪದಕ ಹಾಕಿಸಿಕೊಂಡು ವೇದಿಕೆ ಮೇಲೆ ನಿಂತರೆ ನೋಡುವ ಮಕ್ಕಳಿಗೆ ಏನು ಅನ್ನಿಸುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದರೂ ಆರು ಪಂದ್ಯಗಳ ಬೆವರನ್ನು ಒಂದು ಪಂದ್ಯದ ತಪ್ಪಿಗೆ ಒರೆಸಿಹಾಕುವುದು ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ.

ಕೆನಡಾದಲ್ಲಿ ಜನ ಎರಡು ಭಾಗ ಆದರು. ನಾಚಿಕೆಗೇಡು ಅಂದವರು ಇದ್ದರು. ಟೀವಿಯಲ್ಲಿ ಹಾಕಿ ವಿಶ್ಲೇಷಕ ಡಾನ್ ಚೆರ್ರಿ ಹುಡುಗರ ಪರ ನಿಂತರು. ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ಆಟಗಾರರಿಗೆ ತಮ್ಮದೇ ಖರ್ಚಿನಲ್ಲಿ ಚಿನ್ನದ ಪದಕ ಮಾಡಿಸಿಕೊಟ್ಟರು. ಸಿಟ್ಟಿನಲ್ಲಿ ಇದ್ದ ಹುಡುಗರಿಗೆ ಅದು ಸಮಾಧಾನ ಕೊಟ್ಟಿರಬಹುದು, ಆದರೆ ನಡೆದದ್ದು ಸರಿ ಅಂತ ಒಬ್ಬ ದೊಡ್ಡ ಮನುಷ್ಯ ಮುದ್ರೆ ಒತ್ತಿದ ಹಾಗೂ ಆಯಿತು. ಅಲ್ಲಿಯವರೆಗೆ ಅಷ್ಟಾಗಿ ಯಾರೂ ನೋಡದಿದ್ದ ಟೂರ್ನಿ ಈ ಗಲಾಟೆಯಿಂದ ಮನೆಮಾತಾಯಿತು. ಈಗ ಟೊರೊಂಟೊ ಕಡೆ ಇರುವ ಕನ್ನಡಿಗರಿಗೂ ಗೊತ್ತು, ಡಿಸೆಂಬರ್ 26 ಬಂತು ಅಂದರೆ ಊರಿಗೆ ಊರೇ ಜೂನಿಯರ್ ಹಾಕಿ ನೋಡುತ್ತಾ ಕೂರುತ್ತದೆ.

ಮುಂದಿನ ಟೂರ್ನಿ ನಡೆದದ್ದು ಮಾಸ್ಕೋದಲ್ಲಿ. ನಿಷೇಧ ಆರು ತಿಂಗಳಿಗೆ ಇಳಿದಿದ್ದರಿಂದ ಫ್ಲೂರಿ, ಹಾಗುಡ್ ಮತ್ತೆ ಬಂದರು, ಫ್ಲೂರಿಯೇ ನಾಯಕ. ಸೋವಿಯತ್ ತಂಡದಲ್ಲಿ ಅಲೆಕ್ಸಾಂಡರ್ ಮೊಗಿಲ್ನಿ ಇದ್ದ, ಅವನೂ ಪಿಯೆಶ್ಚಾನಿಯಲ್ಲಿ ಇದ್ದವನೇ. ಕೆನಡಾ 3-2ರಿಂದ ಗೆದ್ದಿತು, ಗೋಲಿನಲ್ಲಿ ಜಿಮ್ಮಿ ವೇಟ್ ಬಂಡೆ ಹಾಗೆ ನಿಂತಿದ್ದ. ಟೂರ್ನಿಯಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ತಂದರು. ಒಂದೇ ವರ್ಷದ ಹಿಂದೆ ಹೊಡೆದಾಡಿದ ಎರಡು ದೇಶಗಳು, ಕೆಲವರಂತೂ ಅದೇ ಆಟಗಾರರು, ಒಂದು ಪಂದ್ಯವನ್ನು ಪೂರ್ತಿ ಆಡಿ ಮುಗಿಸಿದರು. ಅದಕ್ಕೂ ಮುಂಚೆ, 1987ರ ಸೆಪ್ಟೆಂಬರ್‌ನಲ್ಲಿ ಇದೇ ಎರಡು ದೇಶಗಳ ಹಿರಿಯರು ಕೆನಡಾ ಕಪ್‌ನ ಫೈನಲ್ ಆಡಿದ್ದರು, ನಿರ್ಣಾಯಕ ಪಂದ್ಯವನ್ನು ವೇಯ್ನ್ ಗ್ರೆಟ್ಸ್ಕಿ ಪಾಸ್ ಕೊಟ್ಟು ಮಾರಿಯೋ ಲೆಮ್ಯೂ ಹೊಡೆದ ಗೋಲಿನಿಂದ ಕೆನಡಾ 6-5ರಿಂದ ಗೆದ್ದಿತು. ಈಗಲೂ ಅದನ್ನು ಈ ಆಟದ ಅತ್ಯುತ್ತಮ ಪಂದ್ಯಗಳಲ್ಲಿ ಒಂದು ಅಂತಾರೆ. ದ್ವೇಷ ಅಷ್ಟು ಕಟುವಾಗಿತ್ತು, ಹೊಡೆದಾಟ ತಪ್ಪಿಸಲು ಸಾಧ್ಯವೇ ಇರಲಿಲ್ಲ ಅನ್ನುವವರು ಈ ಪಂದ್ಯಗಳನ್ನು ನೋಡಬೇಕು.

ಆ ಹುಡುಗರು ಎಂಥ ಆಟಗಾರರು ಅಂತ ಆಮೇಲೆ ಗೊತ್ತಾಯಿತು. ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ, 1987ರ ಆ ಆಯ್ಕೆಯಲ್ಲಿ ಮೊದಲ ಮೂರೂ ಹೆಸರು ಆ ಕೆನಡಾ ತಂಡದವೇ: ಟರ್ಜಾನ್, ಬ್ರೆಂಡನ್ ಶಾನಹನ್, ಗ್ಲೆನ್ ವೆಸ್ಲಿ. ಎಂಟನೇ ಸುತ್ತಿನವರೆಗೆ ಯಾರೂ ಕೇಳದ ಫ್ಲೂರಿ 1989ರಲ್ಲಿ ಕ್ಯಾಲ್ಗರಿ ಜೊತೆ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ. ಅದೇ ವರ್ಷ ಮೊಗಿಲ್ನಿ ಸ್ಟಾಕ್‌ಹೋಮ್‌ನಲ್ಲಿ ತನ್ನ ತಂಡ ಬಿಟ್ಟು ಅಮೆರಿಕಕ್ಕೆ ಹೋದ. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ದಾವಿದೋವ್ ಕೆನಡಾದ ವಿನಿಪೆಗ್ ಪರ ಆಡಿದ. ಹಾಗುಡ್‌ನ ಮೂಗು ಮುರಿದಿದ್ದ ಕಾನ್‌ಸ್ಟಾಂಟಿನೋವ್, ಅವನ ಜೊತೆಗಾರ ಸೆರ್ಗೆ ಫೆಡೊರೋವ್, ಎದುರು ನಿಂತಿದ್ದ ಶಾನಹನ್ ಮೂವರೂ 1997ರಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್‌ನ ಒಂದೇ ಅಂಗಿ ಹಾಕಿಕೊಂಡು ಸ್ಟ್ಯಾನ್ಲಿ ಕಪ್ ಗೆದ್ದರು. ಗೆದ್ದ ಕೆಲವೇ ದಿನಕ್ಕೆ ಕಾರು ಅಪಘಾತದಲ್ಲಿ ಕಾನ್‌ಸ್ಟಾಂಟಿನೋವ್‌ನ ಆಟ ಮುಗಿದುಹೋಯಿತು. ಶಾನಹನ್ 2011ರಲ್ಲಿ ಎನ್‌ಎಚ್‌ಎಲ್‌ನ ಆಟಗಾರರ ಸುರಕ್ಷತಾ ವಿಭಾಗದ ಮುಖ್ಯಸ್ಥನಾದ. ಯಾರು ನಿಯಮ ಮೀರಿ ಹೊಡೆದರು, ಯಾರಿಗೆ ಎಷ್ಟು ಪಂದ್ಯ ನಿಷೇಧ ಅಂತ ತೀರ್ಮಾನಿಸುವುದೇ ಆಗ ಅವನ ಕೆಲಸವಾಗಿತ್ತು. ಪ್ರತಿ ನಿಷೇಧಕ್ಕೂ ವೀಡಿಯೋ ತೋರಿಸಿ, ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುವ ಪದ್ಧತಿ ಅವನ ಕಾಲದಲ್ಲಿ ಬಂತು. ಪಿಯೆಶ್ಚಾನಿಯಲ್ಲಿ ಯಾರೂ ಮಾಡದೆ ಬಿಟ್ಟದ್ದು ಅದನ್ನೇ.

ಟರ್ಜಾನ್ ಎನ್‌ಎಚ್‌ಎಲ್‌ನಲ್ಲಿ ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ 1,327 ಅಂಕ ಗಳಿಸಿದ. 2023ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದ.

ಜೂನಿಯರ್ ಟೂರ್ನಿಯ ರಚನೆ ಬದಲಾಗಲು ಮಾತ್ರ 1996ರವರೆಗೆ ಕಾಯಬೇಕಾಯಿತು. ಆ ವರ್ಷದಿಂದ ತಂಡಗಳು ಎಂಟರ ಬದಲು ಹತ್ತು, ಎರಡು ಗುಂಪು, ಆಮೇಲೆ ನಾಕೌಟ್, ಕೊನೆಗೆ ಫೈನಲ್. ಪದಕ ತೀರ್ಮಾನ ಆಗುವ ದಿನ ಐಸ್ ಮೇಲೆ ಇರುವ ಎರಡೂ ತಂಡಕ್ಕೆ ಕಳೆದುಕೊಳ್ಳಲು ಸಮಾನವಾಗಿ ಏನಾದರೂ ಇರುತ್ತದೆ. ಈಗ ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್ ಇರುತ್ತಾರೆ. ಶಿಕ್ಷೆ ಕೊಡಲು ಶಿಸ್ತು ಸಮಿತಿ ಬೇರೆಯೇ ಇದೆ, ಪದಕಕ್ಕೆ ಪೈಪೋಟಿಯಲ್ಲಿ ಇರುವ ದೇಶಗಳು ಮೇಜಿನ ಸುತ್ತ ಕೂತು ಕೈ ಎತ್ತುವುದಿಲ್ಲ. ಗುಂಪು ಹಂತದ ಕೊನೇ ದಿನ ಮಾತ್ರ ಒಂದು ತಂಡಕ್ಕೆ ಎಲ್ಲವೂ ಬೇಕಾಗಿರುವ, ಇನ್ನೊಂದಕ್ಕೆ ಏನೂ ಬೇಡವಾಗಿರುವ ಪಂದ್ಯ ಈಗಲೂ ಬೀಳಬಹುದು. ವೇಳಾಪಟ್ಟಿ ಮಾಡುವವರು ಅಂಥ ಪಂದ್ಯ ಯಾವುದು ಅಂತ ಮೊದಲೇ ಗುರುತಿಸಿ, ತಮ್ಮ ಹತ್ತಿರ ಇರುವವರಲ್ಲಿ ಎಲ್ಲರಿಗಿಂತ ಗಟ್ಟಿ ರೆಫರಿಯನ್ನು ಅದಕ್ಕೇ ಹಾಕಬೇಕು.